ತಳಿ ಆರಿಸುವಾಗ ಬೆಳೆಗಾರನನ್ನು ಕೇಳುವವರು ಯಾರು?



ಒಂದು ಬೇಸಿಗೆಯಲ್ಲಿ ತಳಿ ವಿಜ್ಞಾನಿಯೊಬ್ಬರು ಬಿಳಿಗಿರಿರಂಗನ ಬೆಟ್ಟದ ನಮ್ಮ ತೋಟಕ್ಕೆ ಬಂದಿದ್ದರು. ಸುತ್ತಲಿನ ಗಿಡಗಳೆಲ್ಲ ಬಿಳಿ ಕಾಂಡಕೊರಕಕ್ಕೆ ತುತ್ತಾದರೂ ಹದಿನೆಂಟು ವರ್ಷದಿಂದ ನಿಂತಿರುವ ಅರೇಬಿಕಾ ಗಿಡವೊಂದನ್ನು ತೋರಿಸಿದೆ. ಅವರು ಸೌಜನ್ಯದಿಂದಲೇ ನೋಡಿ, "ಪ್ರಯೋಗಕ್ಕೆ ನಾಲ್ಕು ಸಾಲು ಜಾಗ ಕೊಡಿ ಸಾಕು, ಆಯ್ಕೆ ನಮಗೆ ಬಿಡಿ" ಎಂದರು. ಕಾಫಿ ಕುಡಿದು ಹೊರಟರು.

ಅವರ ಅನುಮಾನಕ್ಕೆ ಕಾರಣವಿಲ್ಲದೆ ಇಲ್ಲ. ಹಿಂದೊಮ್ಮೆ ನಾನೇ ತುಂಬಾ ಫಸಲು ಕೊಡುತ್ತಿದ್ದ ಗಿಡವೊಂದರ ಬೀಜದಿಂದ ಮುನ್ನೂರು ಸಸಿ ಮಾಡಿ, ನೆಟ್ಟು ಐದು ವರ್ಷ ಕಾದೆ. ಇಳುವರಿ ಉಳಿದ ಗಿಡಗಳಷ್ಟೇ. ತಾಯಿಗಿಡ ತಿಪ್ಪೆಗುಂಡಿಯ ಪಕ್ಕದಲ್ಲಿತ್ತೆಂಬುದನ್ನು ಮನೆಯವರು ಈಗಲೂ ನೆನಪಿಸುತ್ತಾರೆ! ಅಡಿಕೆಯಲ್ಲಂತೂ ಪರಾಗ ಬೇರೆ ಮರದಿಂದ ಬರುವುದರಿಂದ, ತಾಯಿಮರವೊಂದನ್ನೇ ನೋಡಿ ಸಸಿಯ ಗುಣ ಹೇಳಲಾಗದು. ಹಲವು ಕಡೆ, ಹಲವು ವರ್ಷ ಅಳೆಯದೆ ತಳಿಯೆನ್ನಬಾರದೆಂಬ ವಿಜ್ಞಾನಿಗಳ ಪಟ್ಟು ನ್ಯಾಯವಾದದ್ದೇ.

ಆದರೆ ಅಳೆಯುವ ಮೊದಲು ಗಿಡ ಯಾರದಾದರೂ ಕಣ್ಣಿಗೆ ಬೀಳಬೇಕಷ್ಟೆ. 1911ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಕೆಂಟ್ ಎಂಬ ಪ್ಲಾಂಟರ್ ಎಲೆತುಕ್ಕಿಗೆ ಜಗ್ಗದ ಗಿಡವೊಂದನ್ನು ತಮ್ಮ ತೋಟದಲ್ಲೇ ಗುರುತಿಸಿದರು. ಅದೇ 'ಕೆಂಟ್ಸ್' ಆಯಿತು. ಮುಂದೆ ತುಕ್ಕು ರೋಗದ ಮತ್ತೊಂದು ಬಗೆ ಬಂದು ಕೆಂಟ್ಸ್ ಸೋತಿತು. ರೋಗದಲ್ಲೂ ಬಗೆಗಳುಂಟೆಂದು 1930ರ ದಶಕದಲ್ಲಿ ತೋರಿಸಿಕೊಟ್ಟವರು ಬಾಳೆಹೊನ್ನೂರಿನ ವಿಜ್ಞಾನಿ ಮೇಯ್ನ್. ಅದು ನಮ್ಮಿಂದಾಗುವ ಕೆಲಸವಲ್ಲ. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಬೆರೆತ ಗಿಡದ ಪೀಳಿಗೆಯಾದ ಎಸ್. 288ನ್ನು ಅದೇ ಕೆಂಟ್ಸ್‌ನೊಡನೆ ಕೂಡಿಸಿ ಬಾಳೆಹೊನ್ನೂರು ಕೇಂದ್ರವು 1940ರ ದಶಕದಲ್ಲಿ ಕೊಟ್ಟದ್ದೇ ನಾವೆಲ್ಲ ಬಲ್ಲ ಎಸ್. 795. ಬೆಳೆಗಾರನ ಕಣ್ಣು, ಕೇಂದ್ರದ ಅಳತೆ ಎರಡೂ ಅದರಲ್ಲಿವೆ.

ನೇಪಾಳದ ಬೆಟ್ಟದೂರುಗಳಲ್ಲಿ ಇನ್ನೂ ಆಯ್ಕೆ ಮುಗಿಯದ ಭತ್ತದ ಬೀಜವನ್ನೇ ರೈತರ ಕೈಗಿತ್ತು, ಅವರು ಆರಿಸಿದ್ದರಿಂದ 'ಮಚ್ಛಾಪುಚ್ಛ್ರೆ-3' ತಳಿ 1996ರಲ್ಲಿ ಬಿಡುಗಡೆಯಾಯಿತು. ನಮ್ಮಲ್ಲಿಯೂ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ರೈತನನ್ನು ತಳಿಕಾರನೆಂದು ಒಪ್ಪಿದೆ. ಕಾನೂನು ಒಪ್ಪಿದ್ದನ್ನು ಪ್ರಯೋಗ ತಾಕಿನಲ್ಲಿ ನಿಂತವರು ಒಪ್ಪುವುದು ನಿಧಾನ.

ಬರಿಗೈಯಲ್ಲಿ ಕೇಳಿದರೆ ಒಪ್ಪಲಿಕ್ಕಿಲ್ಲ. ಆದ್ದರಿಂದ ಸಂಘದ ಕಚೇರಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ. ಬೆಟ್ಟದ ಕಾಫಿಯಾಗಲಿ, ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯ ಅಡಿಕೆಯಾಗಲಿ, ಬರದ ವರ್ಷವೂ ಫಲ ಹಿಡಿದ ಗಿಡಕ್ಕೆ ಬಣ್ಣದ ಗುರುತು ಹಾಕಿ, ವಯಸ್ಸು, ನೀರು, ಗೊಬ್ಬರ, ಅಕ್ಕಪಕ್ಕದ ಗಿಡಗಳ ಸ್ಥಿತಿ, ಮೂರು ವರ್ಷದ ತೂಕ ಬರೆಸಿರಿ. ತಿಪ್ಪೆ ಹತ್ತಿರವಿದ್ದರೆ ಅದನ್ನೂ ಮರೆಮಾಚದೆ ಹೇಳಿರಿ.