ಇಷ್ಟೇನಾ ಶನಿ?

ಮೈಸೂರಿನ ನಮ್ಮ ಮನೆಯ ತಾರಸಿಗೆ ಟೆಲಿಸ್ಕೋಪ್ ಹೊತ್ತುಕೊಂಡು ಹೋದ ಸಂಜೆ ಬೀದಿಯ ಮಕ್ಕಳಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರುತ್ತಾರೆ, ಹಿಂದೆಯೇ ಅವರ ಅಪ್ಪ ಅಮ್ಮಂದಿರೂ. ಶನಿಗ್ರಹವನ್ನು ಹುಡುಕಿ ಹಿಡಿದು ಸಾಲಾಗಿ ತೋರಿಸುತ್ತೇನೆ. ಕೆಲವರು ಕಣ್ಣಿಟ್ಟವರೇ ಮಾತು ನಿಲ್ಲಿಸುತ್ತಾರೆ. ಕೆಲವರು ಎರಡು ಸೆಕೆಂಡ್ ನೋಡಿ ತಲೆಯೆತ್ತಿ, "ಇಷ್ಟೇನಾ ಅಂಕಲ್?" ಎನ್ನುತ್ತಾರೆ.

ಹಾಗೆ ಕೇಳಿದವರ ಮೇಲೆ ನನಗೆ ಬೇಸರವಿಲ್ಲ. ಅವರು ಮೊಬೈಲಿನಲ್ಲಿ ನೋಡಿರುವ ಶನಿಯ ಚಿತ್ರಗಳನ್ನು ತೆಗೆದದ್ದು ಕ್ಯಾಸಿನಿಯಂಥ ನೌಕೆ. ಅದು 2004ರಿಂದ 2017ರವರೆಗೆ ಶನಿಯ ಸುತ್ತಲೇ ತಿರುಗುತ್ತಿತ್ತು. ನಮ್ಮ ತಾರಸಿಯಿಂದ ಶನಿ ನೂರಿಪ್ಪತ್ತು, ನೂರಮೂವತ್ತು ಕೋಟಿ ಕಿಲೋಮೀಟರ್ ಆಚೆಗಿದೆ. ಅಲ್ಲಿಂದ ಹೊರಟ ಬೆಳಕು ಒಂದು ಗಂಟೆಗೂ ಹೆಚ್ಚು ಹೊತ್ತು ದಾರಿ ಸವೆಸಿ ಆ ಹುಡುಗನ ಕಣ್ಣಿಗೆ ಬಂದು ಬಿದ್ದಿರುತ್ತದೆ. ಇದನ್ನು ಹೇಳಿ ಇನ್ನೊಮ್ಮೆ ನೋಡು ಎಂದರೆ ಅವನು ಬೇರೆ ರೀತಿಯಲ್ಲಿ ನೋಡುತ್ತಾನೆ. ನನ್ನನ್ನು ನೋಯಿಸುವುದು ಬೇರೆಯ ಸಂಗತಿ. ಆಸೆಪಟ್ಟು ಕೊಂಡ ಎಷ್ಟೋ ಟೆಲಿಸ್ಕೋಪುಗಳು ನಾಲ್ಕನೆಯ ರಾತ್ರಿಯ ಹೊತ್ತಿಗೆ ಅಟ್ಟ ಸೇರುತ್ತವೆ. ಬಹಳ ಸಲ ಕೆಟ್ಟಿರುವುದು ಟೆಲಿಸ್ಕೋಪ್ ಆಗಿರುವುದಿಲ್ಲ. ಅದರ ಬಗ್ಗೆ ಯಾರೋ ಹೇಳಿ ನಂಬಿಸಿದ ಮಾತುಗಳು ಸುಳ್ಳಾಗಿರುತ್ತವೆ.

"ಇದು ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ?"

ಮೊದಲ ಪ್ರಶ್ನೆ ಯಾವಾಗಲೂ ಇದೇ. ನಾನೂ ಹೀಗೇ ಕೇಳಿ ಮೋಸಹೋದವನು. ನನ್ನ ಮೊದಲ ಟೆಲಿಸ್ಕೋಪಿನ ಡಬ್ಬಿಯ ಮೇಲೆ "525 ಪಟ್ಟು" ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ಲೆಕ್ಕದಲ್ಲಿ ಅದು ಸುಳ್ಳಾಗಿರಲಿಲ್ಲ. ಮುಂದಿನ ಮಸೂರದ ಸಂಗಮದೂರವನ್ನು ಐಪೀಸಿನ, ಅಂದರೆ ಕಣ್ಣಿಡುವ ಕಡೆಯ ಮಸೂರದ, ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. 700 ಮಿಲಿಮೀಟರನ್ನು 4ರಿಂದ ಭಾಗಿಸಿ, ಜೊತೆಗೆ ಕೊಟ್ಟಿದ್ದ ಮೂರು ಪಟ್ಟಿನ ಬಾರ್ಲೋ ಮಸೂರದಿಂದ ಗುಣಿಸಿದರೆ ಸರಿಯಾಗಿ 525. ಆದರೆ ಹಾಗೆ ಜೋಡಿಸಿ ಚಂದ್ರನನ್ನು ನೋಡಿದಾಗ ಕಂಡದ್ದು ನೀರಿನಲ್ಲಿ ಕದಡಿದಂಥ ಮಬ್ಬು ಬೂದಿ ಬಣ್ಣ. ಸ್ಟ್ಯಾಂಡನ್ನು ಬೆರಳ ತುದಿಯಲ್ಲಿ ಮುಟ್ಟಿದರೂ ಅದು ಮಾಯವಾಗುತ್ತಿತ್ತು.

ಟೆಲಿಸ್ಕೋಪಿನ ಮುಖ್ಯ ಕೆಲಸ ಬೆಳಕು ಹಿಡಿಯುವುದು. ಮಳೆ ನೀರು ಹಿಡಿಯಲು ಅಂಗಳದಲ್ಲಿ ಲೋಟ ಇಟ್ಟರೂ ಆಗುತ್ತದೆ, ಕೊಳಗ ಇಟ್ಟರೂ ಆಗುತ್ತದೆ. ಬಾಯಿ ಎಷ್ಟು ಅಗಲವೋ ಅಷ್ಟು ನೀರು. ಕತ್ತಲೆಗೆ ಹೊಂದಿಕೊಂಡ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ತೆರೆದುಕೊಳ್ಳುತ್ತದೆ. 60 ಮಿಲಿಮೀಟರಿನ ಮಸೂರ ಅದರ ಎಪ್ಪತ್ತು ಪಟ್ಟು ಬೆಳಕು ಹಿಡಿದರೆ, 150 ಮಿಲಿಮೀಟರಿನ ಕನ್ನಡಿ ನಾನೂರೈವತ್ತು ಪಟ್ಟು ಹಿಡಿಯುತ್ತದೆ. ಹಿಡಿದ ಬೆಳಕನ್ನೇ ಎಳೆದು ಎಳೆದು ದೊಡ್ಡದು ಮಾಡುತ್ತ ಹೋದರೆ ತಿಳಿಸಾರಿಗೆ ನೀರು ಸುರಿದ ಹಾಗೆ. ಅಂದಾಜಿಗೆ, ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು, ಅದೇ ಮಿತಿ. ನನ್ನ 60 ಮಿಲಿಮೀಟರಿನ ಟೆಲಿಸ್ಕೋಪಿಗೆ 120 ಪಟ್ಟು ದಾಟಿದ ಮೇಲೆ ತೋರಿಸಲು ಏನೂ ಉಳಿದಿರಲಿಲ್ಲ. ಗೆಲಿಲಿಯೋ 1610ರ ಜನವರಿಯಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು ಇಪ್ಪತ್ತು ಪಟ್ಟಿನಲ್ಲಿ. ಶನಿಯ ಬಳೆ ಮೂವತ್ತು ಪಟ್ಟಿಗೇ ತಿಳಿಯುತ್ತದೆ. ಅಂಗಡಿಗೆ ಹೋದವರು ವ್ಯಾಸ ಎಷ್ಟು ಎಂದು ಕೇಳಿ, ಆಮೇಲೆ ಸ್ಟ್ಯಾಂಡನ್ನು ಅಲ್ಲಾಡಿಸಿ ನೋಡಿ. "ಎಷ್ಟು ಪಟ್ಟು" ಎಂದು ದೊಡ್ಡದಾಗಿ ಬರೆದುಕೊಂಡ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ.

"ಬಣ್ಣವೇ ಇಲ್ಲವಲ್ಲ!"

ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಕೆಳಗೆ ತೂಗುವ ಕತ್ತಿಯಲ್ಲಿ ಒಂದು ನೀಹಾರಿಕೆ ಇದೆ. ಪುಸ್ತಕಗಳಲ್ಲಿ ಅದು ಕೆಂಪು, ನೇರಳೆ ಬಣ್ಣಗಳಲ್ಲಿ ಉರಿಯುತ್ತಿರುತ್ತದೆ. ಐಪೀಸಿನಲ್ಲಿ ಮಾತ್ರ ಬೂದು ಬಣ್ಣದ್ದು, ಕೆಲವರ ಕಣ್ಣಿಗೆ ಚೂರು ಹಸಿರು ಬೆರೆತದ್ದು. ಇಲ್ಲಿ ಟೆಲಿಸ್ಕೋಪಿನ ತಪ್ಪೇನೂ ಇಲ್ಲ. ಬಣ್ಣ ಗುರುತಿಸುವ ಕಣ್ಣಿನ ಶಂಕುಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಬಣ್ಣ ತಿಳಿಯದು. ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕನ್ನು ಕೂಡಿಡುತ್ತದೆ. ಕಣ್ಣಿಗೆ ಹಾಗೆ ಕೂಡಿಡಲು ಬರುವುದಿಲ್ಲ. ತಮಿಳುನಾಡಿನ ಕವಲೂರಿನಲ್ಲಿರುವ 2.34 ಮೀಟರಿನ ವೇಣು ಬಾಪು ಟೆಲಿಸ್ಕೋಪಿನ ಹಿಂದೆಯೂ ವಿಜ್ಞಾನಿಗಳು ಕಣ್ಣಿಟ್ಟು ಕೂರುವುದಿಲ್ಲ, ಅಲ್ಲಿ ನೋಡುವುದು ಕ್ಯಾಮೆರಾ ಮತ್ತು ರೋಹಿತದರ್ಶಕ.

ಹಾಗೆಂದು ಕಣ್ಣಿಗೆ ಸಿಗುವುದು ಕಡಿಮೆಯೇನಲ್ಲ. ಕತ್ತಲೆಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಬೇಕು, ಮೊಬೈಲ್ ಜೇಬಿನಲ್ಲೇ ಇರಬೇಕು. ಒಮ್ಮೆ ಅದರ ಪರದೆ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ನಕ್ಷೆ ನೋಡಲೇಬೇಕಾದಾಗ ಟಾರ್ಚಿನ ಮುಖಕ್ಕೆ ಕೆಂಪು ಜಿಲೆಟಿನ್ ಕಾಗದ ಸುತ್ತಿಕೊಳ್ಳುತ್ತೇನೆ. ಮಬ್ಬಾಗಿರುವುದನ್ನು ದಿಟ್ಟಿಸದೆ, ಅದರ ಪಕ್ಕಕ್ಕೆ ಕಣ್ಣು ಹಾಯಿಸಬೇಕು. ದಂಡಕೋಶಗಳು ಅಕ್ಷಿಪಟಲದ ನಡುವಿಗಿಂತ ಅಂಚಿನ ಕಡೆಗೇ ದಟ್ಟವಾಗಿರುವುದರಿಂದ ಓರೆಗಣ್ಣಿಗೆ ಹೆಚ್ಚು ಕಾಣುತ್ತದೆ. ಆಗ ಆ ಬೂದು ಬಣ್ಣ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ನಡುವೆ ನಾಲ್ಕು ಪುಟ್ಟ ನಕ್ಷತ್ರಗಳು. ಆಗಷ್ಟೇ ಹುಟ್ಟಿದವು, ನಕ್ಷತ್ರಗಳ ಆಯುಸ್ಸಿನ ಲೆಕ್ಕದಲ್ಲಿ.

ನಕ್ಷತ್ರಗಳದು ಬೇರೆ ಕಥೆ. ಟೆಲಿಸ್ಕೋಪಿನಲ್ಲಿ ಅವು ಕಿತ್ತಳೆ ಹಣ್ಣಿನಷ್ಟು ದೊಡ್ಡದಾಗಿ ಕಾಣುತ್ತವೆ ಎಂದುಕೊಂಡವರಿದ್ದಾರೆ. ಎಷ್ಟೇ ಪಟ್ಟು ಹಾಕಿದರೂ ಅವು ಚುಕ್ಕಿಗಳೇ. ನಿಮಗೆ ದೊಡ್ಡ ತಟ್ಟೆಯಂತೆ ಕಂಡಿದ್ದರೆ ಫೋಕಸ್ ಸರಿಯಿಲ್ಲ ಎಂದರ್ಥ. ಆದರೆ ಬಣ್ಣ ಇವುಗಳಲ್ಲಿ ಇದೆ. ಆರ್ದ್ರಾ ಕೆಂಡದ ಹಾಗೆ, ಅದೇ ಮಹಾವ್ಯಾಧನ ಕಾಲಿನ ರೈಜೆಲ್ ನೀಲಿ ಬಿಳುಪು.

ಚುಕ್ಕಿ ಒಡೆದು ಎರಡಾಗುವುದನ್ನೂ ನೋಡಬಹುದು. ಮದುವೆಯಲ್ಲಿ ಹೊಸ ದಂಪತಿಗೆ ತೋರಿಸುವ ಅರುಂಧತಿ ವಸಿಷ್ಠರನ್ನು ಸಪ್ತರ್ಷಿ ಮಂಡಲದಲ್ಲಿ ಬರಿಗಣ್ಣಿಗೇ ಬೇರೆಬೇರೆಯಾಗಿ ಗುರುತಿಸಬಹುದು. ಟೆಲಿಸ್ಕೋಪಿಟ್ಟರೆ ವಸಿಷ್ಠನೇ ಎರಡಾಗುತ್ತಾನೆ. 1617ರಲ್ಲಿ ಗೆಲಿಲಿಯೋನ ಶಿಷ್ಯ ಬೆನೆಡೆಟ್ಟೊ ಕ್ಯಾಸ್ಟೆಲ್ಲಿ ಇದನ್ನು ಕಂಡು ಗುರುವಿಗೂ ನೋಡಲು ಹೇಳಿದ್ದ. ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ. ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ನನ್ನ ಮದುವೇಲಿ ಪುರೋಹಿತರು ಮಟಮಟ ಮಧ್ಯಾಹ್ನ ತೋರಿಸಿದ್ರಪ್ಪ. ಕಾಣ್ತು ಅಂತ ತಲೆ ಆಡಿಸಿದ್ದೆ. ಇವತ್ತು ಕಂಡೆ" ಎಂದರು.

"ಹುಣ್ಣಿಮೆಗೆ ಬರ್ತೀವಿ, ಚಂದ್ರನ್ನ ತೋರಿಸಿ"

ದಯವಿಟ್ಟು ಹುಣ್ಣಿಮೆಗೆ ಬರಬೇಡಿ. ಶುಕ್ಲ ಪಕ್ಷದ ಸಪ್ತಮಿ, ಅಷ್ಟಮಿಗೆ ಬನ್ನಿ. ಹುಣ್ಣಿಮೆಯ ದಿನ ಸೂರ್ಯ ನಮ್ಮ ಬೆನ್ನ ಹಿಂದಿನಿಂದ ಚಂದ್ರನ ಮುಖಕ್ಕೆ ನೇರ ಬೆಳಕು ಹಾಕುತ್ತಾನೆ, ನೆರಳೇ ಬೀಳುವುದಿಲ್ಲ. ನೆರಳಿಲ್ಲದಿದ್ದರೆ ಬೆಟ್ಟವೂ ಇಲ್ಲ, ಕುಳಿಯೂ ಇಲ್ಲ, ಬರೀ ಸುಣ್ಣ ಬಳಿದ ಗೋಡೆ. ಅಷ್ಟಮಿಯ ದಿನ ಬೆಳಕು ಕತ್ತಲೆಯ ಗೆರೆ ಚಂದ್ರನ ನಟ್ಟನಡುವೆ ಹಾಯುತ್ತದೆ. ಆ ಗೆರೆಯ ಮೇಲೆ ಆಗಷ್ಟೇ ಸೂರ್ಯೋದಯ. ಒಂದೊಂದು ದಿಬ್ಬವೂ ಮಾರುದ್ದ ನೆರಳು ಚೆಲ್ಲುತ್ತದೆ. ದಶಮಿಯ ಹೊತ್ತಿಗೆ 93 ಕಿಲೋಮೀಟರ್ ಅಗಲದ ಕೋಪರ್ನಿಕಸ್ ಕುಳಿಗೆ ಬೆಳಕು ಇಳಿಯುತ್ತದೆ, ಮೆಟ್ಟಿಲು ಮೆಟ್ಟಿಲಾದ ಅದರ ಒಳಗೋಡೆಗಳು ಸ್ಪಷ್ಟವಾಗುತ್ತವೆ. ಮನೆಯ ಕ್ಯಾಲೆಂಡರಿನಲ್ಲಿ ತಿಥಿ ಅಚ್ಚಾಗಿರುತ್ತದೆ. ಚಂದ್ರನನ್ನು ನೋಡುವವರಿಗೆ ಅದಕ್ಕಿಂತ ಅನುಕೂಲದ ವೇಳಾಪಟ್ಟಿ ನಾನು ಕಂಡಿಲ್ಲ.

ಭಾರತದ ನೌಕೆ ಚಂದ್ರನ ಮೇಲೆ ಇಳಿದ 2023ರ ಆಗಸ್ಟ್ 23ರ ನಂತರ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ವಿಕ್ರಮ್ ಲ್ಯಾಂಡರ್ ಕಾಣುತ್ತಾ?" ಮಕ್ಕಳು ಹೆಮ್ಮೆಯಿಂದ ಕೇಳುವಾಗ ಇಲ್ಲ ಎನ್ನಲು ಮನಸ್ಸಾಗುವುದಿಲ್ಲ, ಆದರೂ ಹೇಳಬೇಕು. ನನ್ನ ಆರು ಇಂಚಿನ ಟೆಲಿಸ್ಕೋಪ್ ಚಂದ್ರನ ಮೇಲೆ ಬೇರ್ಪಡಿಸಿ ತೋರಬಲ್ಲದ್ದು ಒಂದೂವರೆ ಕಿಲೋಮೀಟರಿನಷ್ಟು ದೊಡ್ಡ ವಿವರಗಳನ್ನು, ಅದೂ ಗಾಳಿ ಸಹಕರಿಸಿದರೆ. ಹಬಲ್ ದೂರದರ್ಶಕಕ್ಕೂ ಚಂದ್ರನ ಮೇಲಿನ ಲ್ಯಾಂಡರ್ ಕಾಣದು. ಇಳಿದ ಜಾಗದ ಕಡೆಗೆ, ಚಂದ್ರನ ದಕ್ಷಿಣದ ಅಂಚಿನ ಕುಳಿಗಳ ಗುಂಪಿಗೆ, ಟೆಲಿಸ್ಕೋಪ್ ತಿರುಗಿಸಿ ಕೊಡುತ್ತೇನೆ. ಆ ಒರಟು ನೆಲ ನೋಡಿದ ಮೇಲೆ ಅಲ್ಲಿ ಇಳಿಸುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ಯಾರಿಗೂ ವಿವರಿಸಬೇಕಾಗುವುದಿಲ್ಲ.

ಚಂದ್ರನನ್ನು ಟೆಲಿಸ್ಕೋಪಿನಲ್ಲಿ ನೋಡಿದರೆ ಕಣ್ಣು ಹೋಗುತ್ತದೆ ಎಂಬ ಭಯವೂ ಇದೆ. ಕಣ್ಣು ಕೋರೈಸುತ್ತದೆ, ಅಷ್ಟೆ. ಕಣ್ಣು ಕಳೆಯುವವನು ಸೂರ್ಯ. ಈ ವಿಷಯದಲ್ಲಿ ನಾನು ಯಾರ ಮುಲಾಜನ್ನೂ ನೋಡುವುದಿಲ್ಲ. ಕೆಲವು ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಕಪ್ಪು ಗಾಜು ಬರುತ್ತದೆ. ಮಸೂರ ಕೂಡಿಸಿದ ಬಿಸಿಲೆಲ್ಲ ಬಂದು ಬೀಳುವುದು ಆ ಗಾಜಿನ ಮೇಲೇ. ಅದು ಕಾದು ಫಟ್ಟೆಂದು ಸೀಳಿದರೆ ರೆಪ್ಪೆ ಮುಚ್ಚುವಷ್ಟೂ ಸಮಯ ಸಿಗದು. ಅದನ್ನು ಒಡೆದು ಕಸಕ್ಕೆ ಹಾಕಿ. ಸೂರ್ಯನ ಫಿಲ್ಟರ್ ಟೆಲಿಸ್ಕೋಪಿನ ಮುಂಬಾಯಿಗೆ ಹಾಕುವಂಥದ್ದೇ ಆಗಬೇಕು. ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು ಯಾವುದೂ ಬೇಡ.

ಗ್ರಹಣದ ದಿನ ವಿಷದ ಕಿರಣಗಳು ಬರುತ್ತವೆ ಎಂದು ಬಾಗಿಲು ಮುಚ್ಚಿ ಕೂರುವುದು ಇದರ ಇನ್ನೊಂದು ತುದಿ. ಆ ದಿನದ ಬಿಸಿಲು ಉಳಿದ ದಿನಗಳದೇ ಬಿಸಿಲು, ಚಂದ್ರ ಮರೆ ಮಾಡಿದಷ್ಟು ಕಡಿಮೆ. 2019ರ ಡಿಸೆಂಬರ್ 26ರಂದು ಕೊಡಗು, ಮಂಗಳೂರಿನ ಕಡೆ ಕಂಕಣ ಗ್ರಹಣ ಕಂಡಾಗ, ಅದೇ ಬೆಳಿಗ್ಗೆ ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗವೈಕಲ್ಯ ಗುಣವಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಸುದ್ದಿಚಿತ್ರ ನೆನೆದರೆ ಈಗಲೂ ಸಂಕಟವಾಗುತ್ತದೆ. 2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಇನ್ನೊಂದು ಕಂಕಣ ಗ್ರಹಣ ಹಾಯಲಿದೆ, ನಮಗೆ ಅದು ಪಾರ್ಶ್ವ ಗ್ರಹಣ. ಆ ಹೊತ್ತಿಗೆ ನಮ್ಮ ಬೀದಿಯಲ್ಲಾದರೂ ಎಲ್ಲ ಮಕ್ಕಳೂ ಸರಿಯಾದ ಕನ್ನಡಕ ಹಾಕಿಕೊಂಡು ಹೊರಗೆ ನಿಂತಿರಬೇಕು ಎಂಬುದು ನನ್ನ ಆಸೆ.

"ನಕ್ಷತ್ರ ಫಳಫಳ ಅಂತಿದೆ, ಇವತ್ತು ಒಳ್ಳೇ ದಿನ"

ಮಿನುಗು ಗಾಳಿಯದು, ನಕ್ಷತ್ರದ್ದಲ್ಲ. ಮೇಲಿನ ಗಾಳಿ ಕದಡಿದಷ್ಟೂ ಮಿನುಗು ಜಾಸ್ತಿ, ಗ್ರಹಗಳು ಅಷ್ಟೂ ಅಲುಗಾಡುತ್ತವೆ. ತಿಳಿಯಾಗಿ ಫಳಫಳಿಸುವ ರಾತ್ರಿ ನೀಹಾರಿಕೆಗಳಿಗೆ ಒಳ್ಳೆಯದು. ಗುರುವಿನ ಪಟ್ಟೆಗಳನ್ನು ನೋಡಲು ಫೆಬ್ರವರಿ, ಮಾರ್ಚಿನ ತುಸು ಮಂಜು ಮುಸುಕಿದ, ಎಲೆ ಅಲುಗದ ರಾತ್ರಿಗಳೇ ನನಗೆ ಹೆಚ್ಚು ಸಲ ಒದಗಿವೆ.

ತಾರಸಿಗೂ ಒಂದು ಗುಟ್ಟಿದೆ. ಹಗಲೆಲ್ಲ ಕಾದ ಕಾಂಕ್ರೀಟು ಸಂಜೆ ಉಸಿರು ಬಿಡುತ್ತಿರುತ್ತದೆ. ಏಳು ಗಂಟೆಗೆ ಕುದಿಯುವ ಗುರು ಹನ್ನೊಂದಕ್ಕೆ ತಣ್ಣಗಾಗುತ್ತಾನೆ. ಒಂದು ಬಕೆಟ್ ನೀರು ಚೆಲ್ಲಿದರೂ ವ್ಯತ್ಯಾಸ ತಿಳಿಯುತ್ತದೆ. ಅಂಗಳದಲ್ಲಿ ಹುಲ್ಲಿದ್ದರೆ ಅಲ್ಲೇ ಇಡುವುದು ಮೇಲು. ಕೋಣೆಯ ಕಿಟಕಿಯಿಂದ ನೋಡುವ ಯೋಚನೆ ಬಿಟ್ಟುಬಿಡಿ.

ಹೊಸಬರು ಗಾಬರಿಯಾಗುವ ಎರಡು ಸಂಗತಿಗಳಿವೆ. ಚಿತ್ರ ತಲೆಕೆಳಗಾಗಿದ್ದರೆ ಟೆಲಿಸ್ಕೋಪ್ ಕೆಟ್ಟಿಲ್ಲ, ಆಕಾಶಕ್ಕೆ ಮೇಲು ಕೆಳಗು ಇಲ್ಲವಾದ್ದರಿಂದ ಅದನ್ನು ನೇರ ಮಾಡಲು ಇನ್ನೊಂದು ಮಸೂರ ಸೇರಿಸುವುದಿಲ್ಲ. ನೂರು ಪಟ್ಟಿನಲ್ಲಿ ಗ್ರಹ ನಡುವಿನಿಂದ ಒಂದೇ ನಿಮಿಷದಲ್ಲಿ ಜಾರಿ ಅಂಚಿಗೆ ಹೋದರೆ ಯಾರ ಕೈಯೂ ತಾಗಿಲ್ಲ. ಅದು ಭೂಮಿ ತಿರುಗುತ್ತಿರುವುದು. ನಾನು ಮಕ್ಕಳಿಗೆ ಅದನ್ನೇ ಮೊದಲು ತೋರಿಸುತ್ತೇನೆ: ಕೈ ಹಿಂದೆ ಕಟ್ಟಿಕೊಂಡು ಶನಿ ಹೊರಗೆ ಹೋಗುವವರೆಗೆ ನೋಡು.

"ಇದು ದುಡ್ಡಿದ್ದವರ ಹವ್ಯಾಸ"

ಜಾನ್ ಡಾಬ್ಸನ್ ಎಂಬವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾಮಕೃಷ್ಣ ಸಂಪ್ರದಾಯದ ವೇದಾಂತ ಸೊಸೈಟಿಯ ಮಠದಲ್ಲಿದ್ದರು, 1944ರಲ್ಲಿ ಸೇರಿದವರು. ಕೈಯಲ್ಲಿ ಕಾಸಿರಲಿಲ್ಲ. ಬಿಸಾಡಿದ ಗಾಜನ್ನು ತಾವೇ ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಯಲ್ಲಿಟ್ಟು, ಪ್ಲೈವುಡ್ಡಿನ ಪೆಟ್ಟಿಗೆಯ ಮೇಲೆ ಕೂರಿಸಿದರು. ಬೀದಿಬದಿಯಲ್ಲಿ ನಿಂತು ದಾರಿಹೋಕರನ್ನು ಕರೆದು ಆಕಾಶ ತೋರಿಸಿದರು. ಮಠ ಬಿಡಬೇಕಾಗಿ ಬಂದ ಮೇಲೂ ಅದನ್ನೇ ಮಾಡಿದರು. ಇವತ್ತು ಲೋಕದೆಲ್ಲೆಡೆ ಹವ್ಯಾಸಿಗಳು ಬಳಸುವ, ನನ್ನ ತಾರಸಿಯಲ್ಲೂ ಇರುವ "ಡಾಬ್ಸೋನಿಯನ್" ಅವರ ಆ ಪೆಟ್ಟಿಗೆಯೇ. ದುಡ್ಡು ಇನ್ನೂ ಕಡಿಮೆಯಿದ್ದರೆ ಒಂದು ಬೈನಾಕ್ಯುಲರ್ ಸಾಕು: ಕೃತ್ತಿಕೆಯಲ್ಲಿ ಆರರ ಜಾಗದಲ್ಲಿ ಹತ್ತಾರು ನಕ್ಷತ್ರ ಎಣಿಸಬಹುದು. ಬೀದಿದೀಪಗಳ ಬೆಂಗಳೂರಿನಲ್ಲೂ ಚಂದ್ರ, ಗ್ರಹಗಳು, ಜೋಡಿ ನಕ್ಷತ್ರಗಳು ಹಳ್ಳಿಯಲ್ಲಿ ಕಂಡಷ್ಟೇ ಚೆನ್ನಾಗಿ ಕಾಣುತ್ತವೆ. ನಗರದ ಬೆಳಕು ನುಂಗುವುದು ಕ್ಷೀರಪಥವನ್ನು, ನೀಹಾರಿಕೆಗಳನ್ನು.

ಕೊನೆಯದೊಂದು ಕಲ್ಪನೆ ನಮ್ಮ ಬಗ್ಗೆ ನಮಗೇ ಇರುವುದು. ಒಳ್ಳೆಯ ಆಕಾಶ ಬೇರೆ ದೇಶಗಳದು, ನಮ್ಮದು ಮಳೆ ಮೋಡದ್ದು ಎಂಬುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಜ. ಆಗ ಟೆಲಿಸ್ಕೋಪಿಗೆ ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ ಮುಚ್ಚಿಡಬೇಕು, ಮಲೆನಾಡು ಕರಾವಳಿಯಲ್ಲಂತೂ ತಪ್ಪದೆ. ಇಲ್ಲದಿದ್ದರೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಆದರೆ ನಾವಿರುವ ಅಕ್ಷಾಂಶ ಒಂದು ದೊಡ್ಡ ಕೊಡುಗೆ. ಮೈಸೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ ಹನ್ನೆರಡು ಡಿಗ್ರಿ ಮೇಲಿದೆ, ಉತ್ತರದ ಮನೆಗಳು ಅದನ್ನು ಮುಚ್ಚಿಬಿಡುತ್ತವೆ. ಅದರ ಬದಲಿಗೆ ದಕ್ಷಿಣದ ಆಕಾಶ ತೆರೆದುಕೊಳ್ಳುತ್ತದೆ. ಮೇ ತಿಂಗಳ ಕೊನೆಯಲ್ಲಿ, ಮುಂಗಾರಿಗೆ ಮುಂಚಿನ ಒಂದು ತಿಳಿ ರಾತ್ರಿ ಸಿಕ್ಕರೆ, ಒಂಬತ್ತು ಗಂಟೆಗೆ ನೇರ ದಕ್ಷಿಣಕ್ಕೆ ತಿರುಗಿ. ಕೆಳಗೆ ಸ್ವಲ್ಪ ಬಲಕ್ಕೆ ತ್ರಿಶಂಕು ನಿಂತಿರುತ್ತದೆ. ಅದಕ್ಕಿಂತ ಮೇಲೆ, ದಿಗಂತದಿಂದ ಮೂವತ್ತು ಡಿಗ್ರಿ ಎತ್ತರದಲ್ಲಿ, ಒಂದು ಮಬ್ಬು ಚುಕ್ಕಿ: ಒಮೇಗಾ ಸೆಂಟಾರಿ. ಲಂಡನ್ನಿನಿಂದ ಇದು ಎಂದೂ ಕಾಣದು. ಎಡ್ಮಂಡ್ ಹ್ಯಾಲಿ ಇದನ್ನು ನೋಡಿ ದಾಖಲಿಸಿದ್ದು 1677ರಲ್ಲಿ, ಸೇಂಟ್ ಹೆಲೆನಾ ದ್ವೀಪಕ್ಕೆ ಹಡಗಿನಲ್ಲಿ ಹೋಗಿದ್ದಾಗ. ನಾವು ಮೆಟ್ಟಿಲು ಹತ್ತಿದರೆ ಸಾಕು. ಮೊದಲು ಕಡಿಮೆ ಪಟ್ಟಿನ ಐಪೀಸ್ ಹಾಕಿ. ಹತ್ತಿಯ ಉಂಡೆಯಂತೆ ಕಾಣುತ್ತದೆ. ಕತ್ತಲೆಗೆ ಕಣ್ಣು ಹೊಂದುವವರೆಗೆ ಕಾದು, ಓರೆಗಣ್ಣಿನಲ್ಲಿ ಇನ್ನೊಮ್ಮೆ ನೋಡಿ. ಉಂಡೆಯ ಅಂಚು ಒಡೆದು ರವೆಯ ಹಾಗೆ ಉದುರಲು ಶುರುವಾಗುತ್ತದೆ. ಒಂದೊಂದು ಕಾಳೂ ಒಂದು ಸೂರ್ಯ, ಹದಿನೇಳು ಸಾವಿರ ಜ್ಯೋತಿರ್ವರ್ಷ ದೂರದ್ದು.