ಗಡ್ಡೆಯೊಳಗಿನ ರಕ್ಷಕ ಕೋಶಗಳು

ಅರ್ಬುದ ರೋಗದ ಹೆಸರು ಕಿವಿಗೆ ಬಿದ್ದೊಡನೆ ಮನೆಮಂದಿ ಕೇಳುವ ಮೊದಲ ಪ್ರಶ್ನೆ ‘ಎಷ್ಟನೆಯ ಹಂತ?’ ಎಂಬುದು. ಗಡ್ಡೆ ಎಷ್ಟು ಬೆಳೆದಿದೆ, ಹತ್ತಿರದ ದುಗ್ಧಗ್ರಂಥಿಗಳನ್ನು ತಲುಪಿದೆಯೇ, ದೂರದ ಅಂಗಗಳಿಗೆ ಹರಡಿದೆಯೇ ಎಂಬ ಮೂರು ಸಂಗತಿಗಳನ್ನು ನೋಡಿ ವೈದ್ಯರು ಹಂತವನ್ನು ನಿರ್ಣಯಿಸುತ್ತಾರೆ. ಆದರೆ ಒಂದೇ ಹಂತದಲ್ಲಿ ಒಂದೇ ಬಗೆಯ ಚಿಕಿತ್ಸೆ ಪಡೆದ ಇಬ್ಬರಲ್ಲಿ ಒಬ್ಬರು ಬಹುಕಾಲ ನೆಮ್ಮದಿಯಿಂದ ಬಾಳುವುದನ್ನೂ ಮತ್ತೊಬ್ಬರಿಗೆ ವರ್ಷದೊಳಗೇ ರೋಗ ಮರುಕಳಿಸುವುದನ್ನೂ ನಾವು ಕಾಣುತ್ತೇವೆ. ಇದನ್ನು ಹಣೆಬರಹವೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಈ ಅಂತರದ ಕಾರಣಗಳಲ್ಲಿ ಒಂದನ್ನು ವಿಜ್ಞಾನವು ಗಡ್ಡೆಯ ಒಳಗೇ ಗುರುತಿಸಿದೆ. ಅದು, ಆ ಗಡ್ಡೆಯೊಳಕ್ಕೆ ನುಗ್ಗಿ ಹೋರಾಡುವ ನಮ್ಮದೇ ದೇಹದ ರಕ್ಷಕ ಕೋಶಗಳ ಸಂಖ್ಯೆ ಮತ್ತು ಸ್ಥಿತಿ.

ಕಾರವಾರ, ಅಂಕೋಲೆಗಳ ಭಕ್ತಕುಟುಂಬಗಳಿಗೆ ಈ ವಿಷಯ ದೂರದ್ದಲ್ಲ. ಕವಳ ಹಾಕುವ ರೂಢಿ ನಮ್ಮ ಕರಾವಳಿಯಲ್ಲಿ ಮನೆಮನೆಯದು. ಅದರೊಡನೆ ಹೊಗೆಸೊಪ್ಪು ಸೇರಿದರೆ ಬಾಯಿಯ ಅರ್ಬುದಕ್ಕೆ ದಾರಿ ತೆರೆದಂತೆ. ಹೊಗೆಸೊಪ್ಪಿಲ್ಲದ ಎಲೆ-ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2004ರಲ್ಲಿ ಘೋಷಿಸಿದೆ. ರೋಗ ಬಂದ ಮೇಲೆ ಕಿನ್ನರದಂಥ ಹಳ್ಳಿಯವರು ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಿಂದ ಮುಂದಕ್ಕೆ ಗೋವೆಯ ಬಾಂಬೋಳಿಗೋ, ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಅಲೆಯಬೇಕಾಗುತ್ತದೆ. ಜಿಲ್ಲೆಗೊಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬುದು ಜನರ ಬಹುದಿನದ ಬೇಡಿಕೆ. ಈ ಅಲೆದಾಟದಲ್ಲಿ ರೋಗಿಯೊಡನೆ ತಪ್ಪದೆ ಸಾಗಬೇಕಾದ ವಸ್ತುವೊಂದಿದೆ. ಅದೇನೆಂಬುದನ್ನು ಮುಂದೆ ಹೇಳುತ್ತೇವೆ.

ಹಳೆಯ ಗಮನಿಕೆ, ಹೊಸ ಅರಿವು

ಗಡ್ಡೆಯ ಅಂಗಾಂಶದಲ್ಲಿ ಬಿಳಿ ರಕ್ತಕಣಗಳಿರುವುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1863ರಲ್ಲಿಯೇ ಗಮನಿಸಿದ್ದರು. ಅವು ಅಲ್ಲಿ ಏನು ಮಾಡುತ್ತಿವೆಯೆಂಬುದು ಸ್ಪಷ್ಟವಾಗಲು ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. 2003ರಲ್ಲಿ ಅಮೆರಿಕದ ಸಂಶೋಧಕರು ಅಂಡಾಶಯದ ಮುಂದುವರಿದ ಅರ್ಬುದವಿದ್ದ 186 ಮಹಿಳೆಯರ ಗಡ್ಡೆಗಳನ್ನು ಪರೀಕ್ಷಿಸಿದರು. ಗಡ್ಡೆಯೊಳಗೆ ಟಿ ಕೋಶಗಳೆಂಬ ರಕ್ಷಕ ಕೋಶಗಳಿದ್ದವರಲ್ಲಿ ಶೇ 38ರಷ್ಟು ಮಂದಿ ಐದು ವರ್ಷಗಳ ನಂತರವೂ ಬದುಕಿದ್ದರು. ಅವು ಇಲ್ಲದವರಲ್ಲಿ ಆ ಪ್ರಮಾಣ ಕೇವಲ ಶೇ 4.5.

2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಾಲೋನ್ ಮತ್ತು ಸಂಗಡಿಗರು ದೊಡ್ಡ ಕರುಳಿನ ಅರ್ಬುದದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ರಕ್ಷಕ ಕೋಶಗಳು ಯಾವ ಬಗೆಯವು, ಎಷ್ಟು ದಟ್ಟವಾಗಿವೆ, ಗಡ್ಡೆಯ ನಡುವೆ ಇವೆಯೋ ಅಂಚಿನಲ್ಲಿ ಇವೆಯೋ ಎಂಬುದನ್ನು ಅಳೆದರೆ ರೋಗದ ಮುಂದಿನ ಗತಿಯನ್ನು ರೂಢಿಯ ಹಂತನಿರ್ಣಯಕ್ಕಿಂತ ಚೆನ್ನಾಗಿ ಊಹಿಸಬಹುದೆಂದು ಅವರು ತೋರಿಸಿದರು. 2018ರಲ್ಲಿ ಭಾರತವೂ ಸೇರಿದಂತೆ 13 ದೇಶಗಳ ಕೇಂದ್ರಗಳು ಕೂಡಿ ನಡೆಸಿದ ಅಧ್ಯಯನವು ಈ ಅಳತೆಯನ್ನು ಸಮರ್ಥಿಸಿತು.

ಕೋಶಗಳ ಕಾರ್ಯ

ನಮ್ಮ ಜೀವಕೋಶಗಳು ಸಾಮಾನ್ಯವಾಗಿ ತಮ್ಮೊಳಗೆ ತಯಾರಾಗುವ ಪ್ರೋಟೀನುಗಳ ತುಣುಕುಗಳನ್ನು ಹೊರಮೈಮೇಲೆ ಸದಾ ಪ್ರದರ್ಶಿಸುತ್ತಿರುತ್ತವೆ. ಅರ್ಬುದ ಕೋಶಗಳಲ್ಲಿ ವಂಶವಾಹಿ ಕೆಟ್ಟಿರುವುದರಿಂದ ಆ ತುಣುಕುಗಳಲ್ಲಿ ಕೆಲವು ಅಪರಿಚಿತವಾಗಿರುತ್ತವೆ. ಟಿ ಕೋಶಗಳು ಈ ಅಪರಿಚಿತ ಗುರುತನ್ನು ಪತ್ತೆಹಚ್ಚಿ, ಅರ್ಬುದ ಕೋಶಕ್ಕೆ ಅಂಟಿಕೊಂಡು, ಅದರಲ್ಲಿ ರಂಧ್ರ ಕೊರೆದು ನಾಶಮಾಡುತ್ತವೆ. ಅವುಗಳಲ್ಲಿ ಕೆಲವು ಈ ಗುರುತನ್ನು ನೆನಪಿಟ್ಟುಕೊಂಡು ದೀರ್ಘಕಾಲ ಉಳಿಯುತ್ತವೆ. ಶಸ್ತ್ರಚಿಕಿತ್ಸೆಯ ನಂತರ ಉಳಿದಿರಬಹುದಾದ ಅರ್ಬುದ ಕೋಶಗಳನ್ನು ಅಡಗಿಸುವಲ್ಲಿ ಇವುಗಳ ಪಾಲು ದೊಡ್ಡದು.

ಎಲ್ಲ ಗಡ್ಡೆಗಳೂ ಒಂದೇ ತೆರನಾಗಿರುವುದಿಲ್ಲ. ಕೆಲವು ಗಡ್ಡೆಗಳಲ್ಲಿ ರಕ್ಷಕ ಕೋಶಗಳು ಒಳಗೆಲ್ಲ ತುಂಬಿರುತ್ತವೆ. ಕೆಲವುಗಳಲ್ಲಿ ಬೇಲಿಯ ಹೊರಗೆ ನಿಂತ ಕಾವಲುಗಾರರಂತೆ ಅಂಚಿನಲ್ಲಿಯೇ ತಡೆಹಿಡಿಯಲ್ಪಟ್ಟಿರುತ್ತವೆ. ಇನ್ನು ಕೆಲವುಗಳಲ್ಲಿ ಅವುಗಳ ಸುಳಿವೇ ಇರುವುದಿಲ್ಲ. ಸಾಮಾನ್ಯವಾಗಿ ಮೊದಲ ಬಗೆಯವರ ಫಲಿತಾಂಶ ಉತ್ತಮ. ಆದರೆ ಸಂಖ್ಯೆಯೊಂದನ್ನೇ ನಂಬುವಂತಿಲ್ಲ. ಮೂತ್ರಪಿಂಡದ ಅರ್ಬುದದ ಒಂದು ಮುಖ್ಯ ಬಗೆಯಲ್ಲಿ ಟಿ ಕೋಶಗಳು ಹೆಚ್ಚಿದ್ದಷ್ಟೂ ಫಲಿತಾಂಶ ಕೆಡುವುದುಂಟು. ಅಲ್ಲಿ ಕೋಶಗಳು ಇದ್ದರೂ ಬಹುಪಾಲು ದಣಿದು ನಿಷ್ಕ್ರಿಯವಾಗಿರುತ್ತವೆ. ರಕ್ಷಣೆಯ ಕೆಲಸಕ್ಕೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳೂ ಇವೆ. ದೇಹವು ತನ್ನ ಮೇಲೆ ತಾನೇ ದಾಳಿ ಮಾಡದಂತೆ ನೋಡಿಕೊಳ್ಳುವುದು ಅವುಗಳ ಸಹಜ ಧರ್ಮ. ಗಡ್ಡೆಯು ಅವುಗಳನ್ನೇ ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ. ಆ ಕೋಶಗಳ ಕುರಿತ ಶೋಧಕ್ಕೆ 2025ರ ನೊಬೆಲ್ ಪ್ರಶಸ್ತಿ ಸಂದಿದೆ.

ಬಾಯಿಯ ಅರ್ಬುದ ಮತ್ತು ಹೊಸ ಚಿಕಿತ್ಸೆ

ಬಾಯಿಯ ಅರ್ಬುದದಲ್ಲಿಯೂ ಟಿ ಕೋಶಗಳು ದಟ್ಟವಾಗಿರುವವರ ಫಲಿತಾಂಶ ಸಾಮಾನ್ಯವಾಗಿ ಉತ್ತಮವೆಂದು ಕಂಡುಬಂದಿದೆ. ಆದರೆ ಅರ್ಬುದ ಕೋಶಗಳು ತಮ್ಮ ಮೈಮೇಲೆ ಒಂದು ಪ್ರೋಟೀನನ್ನು ತೋರಿಸಿ, ಟಿ ಕೋಶದ ಮೇಲಿರುವ ‘ಪಿಡಿ-1’ ಎಂಬ ತಡೆಗುಂಡಿಯನ್ನು ಅದುಮಿ, ಅದನ್ನು ಸುಮ್ಮನಾಗಿಸಬಲ್ಲವು. ಜಪಾನಿನ ತಸುಕು ಹೊಂಜೊ ಅವರ ಬಳಗವು ಈ ಪಿಡಿ-1ನ್ನು 1992ರಲ್ಲಿ ಗುರುತಿಸಿತು. ಅಮೆರಿಕದ ಜೇಮ್ಸ್ ಆಲಿಸನ್ ಇಂಥದೇ ಮತ್ತೊಂದು ತಡೆಯನ್ನು ತೆಗೆಯುವ ದಾರಿ ಕಂಡರು. ಇಬ್ಬರಿಗೂ 2018ರ ನೊಬೆಲ್ ಪ್ರಶಸ್ತಿ ದೊರೆಯಿತು. ಈ ತಡೆಯನ್ನು ತೆಗೆದು ದಣಿದ ಟಿ ಕೋಶಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವ ಔಷಧಿಗಳೇ ಇಂದಿನ ಇಮ್ಯುನೋಥೆರಪಿಯ ಜೀವಾಳ.

ಇವುಗಳ ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕದು. ಈ ಕಾರಣದಿಂದಲೇ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಡೆಸಿದ, 2022ರಲ್ಲಿ ಪ್ರಕಟವಾದ ಪ್ರಯೋಗ ನಮಗೆ ಮಹತ್ವದ್ದು. ಗುಣಪಡಿಸಲಾಗದ ಹಂತ ಮುಟ್ಟಿದ ತಲೆ-ಕತ್ತಿನ ಅರ್ಬುದದ 151 ರೋಗಿಗಳಲ್ಲಿ ಒಂದು ಗುಂಪಿಗೆ ಅಗ್ಗದ ಮಾತ್ರೆಗಳನ್ನಷ್ಟೇ ಕೊಡಲಾಯಿತು. ಇನ್ನೊಂದು ಗುಂಪಿಗೆ ಅದೇ ಮಾತ್ರೆಗಳೊಡನೆ ಪಿಡಿ-1 ತಡೆಯುವ ನಿವೊಲುಮ್ಯಾಬ್ ಔಷಧಿಯನ್ನು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ಕೊಡಲಾಯಿತು. ಇದು ರೂಢಿಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಒಂದು ವರ್ಷದ ನಂತರ ಬದುಕುಳಿದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇ 16.3, ಎರಡನೆಯದರಲ್ಲಿ ಶೇ 43.4. ಇದು ಎಲ್ಲರಿಗೂ ಒಗ್ಗುವ ಚಿಕಿತ್ಸೆಯಲ್ಲ. ಎಚ್ಚೆತ್ತ ಟಿ ಕೋಶಗಳು ಥೈರಾಯ್ಡ್, ಶ್ವಾಸಕೋಶ, ಕರುಳು, ಯಕೃತ್ತುಗಳ ಮೇಲೂ ತಿರುಗಿಬೀಳಬಹುದು. ಆದರೂ ಬಡವರ ರೋಗಕ್ಕೆ ನಮ್ಮ ದೇಶದಲ್ಲಿಯೇ ದಾರಿಯೊಂದು ತೆರೆದಿದೆಯೆಂಬುದು ಸಮಾಧಾನದ ಸಂಗತಿ.

ಒಂದು ಎಚ್ಚರಿಕೆ

‘ರೋಗನಿರೋಧಕ ಶಕ್ತಿ ಹೆಚ್ಚಿದರೆ ಸಾಕಲ್ಲವೇ? ಅದಕ್ಕೆ ಪುಡಿ, ಕಷಾಯಗಳಿವೆಯಲ್ಲ?’ ಎಂದು ಕೇಳುವವರಿದ್ದಾರೆ. ಮಾರಾಟಕ್ಕಿರುವ ಇಂಥ ಪುಡಿಗಳು ಗಡ್ಡೆಯೊಳಕ್ಕೆ ಟಿ ಕೋಶಗಳನ್ನು ತರುತ್ತವೆಂಬುದಕ್ಕೆ ಆಧಾರವಿಲ್ಲ. ರಕ್ಷಕ ಕೋಶಗಳ ಕೊರತೆಗಿಂತ ಅವು ಗಡ್ಡೆಯ ಒಳಹೋಗಲಾರದಿರುವುದು, ಒಳಹೋದರೂ ತಡೆಗೊಳಗಾಗುವುದು ಇಲ್ಲಿಯ ಮುಖ್ಯ ತೊಡಕು. ಅದು ಪುಡಿಯಿಂದ ನೀಗುವಂಥದಲ್ಲ. ಪುಡಿಯನ್ನು ನೆಚ್ಚಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾಗಿದ್ದ ಗಡ್ಡೆ ಆ ಹಂತ ಮೀರಬಹುದು. ಚಿಕಿತ್ಸೆಯ ನಡುವೆ ಯಾವುದೇ ಬೇರು, ಚೂರ್ಣ ಸೇವಿಸುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.

ಭಕ್ತರು ಮಾಡಬೇಕಾದುದೇನು?

ಬಾಯಿಯಲ್ಲಿ ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲು ಬಿಗಿತ, ಕತ್ತಿನಲ್ಲಿ ಗಂಟು ಕಂಡರೆ ತಡಮಾಡದೆ ತೋರಿಸಬೇಕು. ‘ಸೂಜಿ ಚುಚ್ಚಿದರೆ, ತುಣುಕು ತೆಗೆದರೆ ರೋಗ ಹರಡುತ್ತದೆ’ ಎಂಬ ಭಯದಿಂದ ಬಯಾಪ್ಸಿ ಮುಂದೂಡುವುದು ಸಲ್ಲದು. ಆ ತುಣುಕಿಲ್ಲದೆ ರೋಗದ ಬಗೆಯೂ ತಿಳಿಯದು, ಒಳಗಿನ ರಕ್ಷಕ ಕೋಶಗಳ ಸ್ಥಿತಿಯೂ ತಿಳಿಯದು.

ರೋಗಿಯೊಡನೆ ಸಾಗಬೇಕಾದ ವಸ್ತು ಎಂದು ನಾವು ಹೇಳಿದ್ದು ಈ ತುಣುಕನ್ನೇ. ಪ್ರಯೋಗಾಲಯದಲ್ಲಿ ಅದನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ, ಅತಿ ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದನ್ನು ‘ಬ್ಲಾಕ್’ ಎನ್ನುತ್ತಾರೆ. ಇದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಸ್ತನದ ಅರ್ಬುದದಲ್ಲಿ ಸಾಮಾನ್ಯ ಬಣ್ಣದ ಗಾಜಿನ ಪಟ್ಟಿಯಿಂದಲೇ ರಕ್ಷಕ ಕೋಶಗಳನ್ನು ಅಂದಾಜಿಸುವ ಅಂತರರಾಷ್ಟ್ರೀಯ ಕ್ರಮವು 2014ರಿಂದ ಬಳಕೆಯಲ್ಲಿದೆ. ಪಿಡಿ-1 ಔಷಧಿ ಒಗ್ಗುವುದೇ ಎಂಬ ಪರೀಕ್ಷೆಗೂ ಇದೇ ಬ್ಲಾಕ್ ಬೇಕು. ಆದುದರಿಂದ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ವರದಿಯ ಕಾಗದದೊಡನೆ ಬ್ಲಾಕ್ ಮತ್ತು ಗಾಜಿನ ಪಟ್ಟಿಗಳನ್ನೂ ಕೇಳಿ ಪಡೆಯಬೇಕು. ನಮ್ಮ ಕಡಲತೀರದ ಬಿಸಿಲಿನಲ್ಲಿ ಮೇಣ ಕರಗದಂತೆ ನೆರಳಿನಲ್ಲಿ ಒಯ್ಯಬೇಕು. ಮರುಪರೀಕ್ಷೆಯ ನಂತರ ಮರಳಿ ಪಡೆದು ಜೋಪಾನವಾಗಿಡಬೇಕು.

ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ತಮಗೆ ಬೇಕಾದ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಬೇಕು.

ಗಡ್ಡೆಯೊಳಗಿನ ರಕ್ಷಕ ಕೋಶಗಳು ನಮ್ಮ ಅಪ್ಪಣೆಗೆ ಕಾಯದೆ ತಮ್ಮ ಕಾಯಕವನ್ನು ತಾವು ನಡೆಸುತ್ತಿರುತ್ತವೆ. ಹೊಗೆಸೊಪ್ಪು ಮತ್ತು ಅಡಿಕೆಯನ್ನು ಬಿಡುವುದು, ಹುಣ್ಣನ್ನು ಬೇಗ ತೋರಿಸುವುದು, ಹಿಡಿದ ಚಿಕಿತ್ಸೆಯನ್ನು ನಡುವೆ ಕೈಬಿಡದಿರುವುದು ನಮ್ಮ ಪಾಲಿನ ಕಾಯಕ. ಇಷ್ಟನ್ನು ಮಾಡಿದರೆ ಅವುಗಳ ಹೋರಾಟ ಸುಲಭವಾಗುತ್ತದೆ.