ಬೆಳಗಿನ ಹಾಲಿನಿಂದ ಸಂಜೆಯ ಹಾಲಿನವರೆಗೆ ಒಂದು ಸೈಕಲ್ ಸುತ್ತಾಟ



ಪ್ರತಿ ಸಲ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಎಂದು ದನದ ಬಗ್ಗೆಯೇ ಬರೆಯುತ್ತೇವೆ. ಈ ಸಲ ದನ ಸಾಕುವ ನಿಮ್ಮ ಬಗ್ಗೆ ಬರೆಯುತ್ತೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಿಗೆ ಚಿಕಿತ್ಸೆಗೆ ಬಂದಾಗ ನಾನು ಹೆಚ್ಚು ಕೇಳಿದ ಮಾತು ಯಾವ ರೋಗದ್ದೂ ಅಲ್ಲ. "ಎಮ್ಮಿ ಬಿಟ್ಟು ಎಲ್ಲಿ ಹೋಗಾಕ ಆಗತೈತ್ರಿ ಡಾಕ್ಟ್ರ?" ತವರಿನ ಮದುವೆಗೂ ಅಕ್ಷತೆ ಹೊತ್ತಿಗೆ ಹೋಗಿ, ಊಟ ಮುಗಿಸಿ, ಸಂಜೆಯ ಹಾಲಿಗೆ ಓಡಿ ಬರುವವರು ನೀವು.

ಒಂದು ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಏಳಕ್ಕೆ ಸಂಘಕ್ಕೆ ಹಾಲು ಹಾಕಿದರೆ ಸಂಜೆ ಐದರವರೆಗೆ ಹತ್ತು ತಾಸು ಸಿಗುತ್ತವೆ. ದಿನಾಲೂ ಅವು ಹೊಲಕ್ಕೆ, ಒಲೆಗೆ ಹೋಗುತ್ತವೆ, ನಿಜ. ವರ್ಷಕ್ಕೆ ನಾಲ್ಕು ದಿನವಾದರೂ ಅವು ನಿಮ್ಮವಾಗಬೇಕು. ಅದಕ್ಕೆ ಬೇಕಾದ ಗಾಡಿ ಬಹಳ ಮನೆಗಳಲ್ಲಿ ಗೋಡೆಗೆ ಒರಗಿ ನಿಂತೇ ಇದೆ. 2006-07ರಲ್ಲಿ ಸರ್ಕಾರ ಹೈಸ್ಕೂಲು ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತಲ್ಲ, ಅದೇ ಸೈಕಲ್. ಮಗಳು ಕಾಲೇಜಿಗೆ ಬಸ್ಸು ಹತ್ತಿದ ಮೇಲೆ ಅದಕ್ಕೆ ಮೇವಿನ ಹೊರೆ ಹೊರುವ ಕೆಲಸವಷ್ಟೇ ಉಳಿದಿದೆ. ಗಾಳಿ ಹಾಕಿಸಿ, ಬ್ರೇಕು ನೋಡಿಸಿ, ಚೈನಿಗೆ ಎಣ್ಣೆ ಬಿಟ್ಟರೆ ಅದು ನಿಮ್ಮನ್ನೂ ಹೊರುತ್ತದೆ.

ಸೈಕಲ್ ಮೇಲೆ ಹಳ್ಳಿ ಸುತ್ತುವುದು ಫ್ರಾನ್ಸ್ ದೇಶದಲ್ಲಿ ದೊಡ್ಡ ರೂಢಿ. 1936ರಲ್ಲಿ ಅಲ್ಲಿನ ಸರ್ಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕೊಡುವ ಕಾನೂನು ಮಾಡಿತು. ಆ ಬೇಸಿಗೆಯಲ್ಲಿ ಎಷ್ಟೋ ಗಂಡ ಹೆಂಡತಿ ಸೈಕಲ್ಲಿಗೆ ಗಂಟು ಕಟ್ಟಿಕೊಂಡು ಹಳ್ಳಿಯ ದಾರಿ ಹಿಡಿದರು. ಈಗಲೂ ಅಲ್ಲಿ ಜನ ಅವಸರವಿಲ್ಲದೆ ಊರಿಂದ ಊರಿಗೆ ತುಳಿದುಕೊಂಡು ಹೋಗುತ್ತಾರೆ. ಜೂರಾ ಎಂಬ ಗುಡ್ಡದ ಸೀಮೆಯಲ್ಲಿ ಮೊಂಬೆಲಿಯಾರ್ಡ್ ಎಂಬ ಕೆಂಪು-ಬಿಳಿ ಆಕಳುಗಳು ಮೇಯುತ್ತವೆ. ಅವುಗಳ ಹಾಲಿನಿಂದ ಕೋಂತೆ ಎಂಬ ಚೀಸ್ ಮಾಡುತ್ತಾರೆ. ಗಾಡಿಯ ಗಾಲಿಯಂಥ ಒಂದು ಚೀಸಿಗೆ ಸುಮಾರು 400 ಲೀಟರ್ ಹಾಲು ಬೇಕು. ಒಂದು ಮನೆಯಿಂದ ಅಷ್ಟು ಹಾಲು ಆಗುವ ಮಾತೇ ಅಲ್ಲ. ಹೀಗಾಗಿ ಸುಮಾರು 13ನೇ ಶತಮಾನದಿಂದಲೇ ಅಲ್ಲಿನ ರೈತರು ಊರಿನ ಹಾಲನ್ನೆಲ್ಲ ಒಂದೆಡೆ ಕೂಡಿಸತೊಡಗಿದರು. ನಮ್ಮ ಹಾಲಿನ ಸಂಘದ ದೂರದ ಅಜ್ಜಿ ಎನ್ನಿ.

ಆದರೆ ನನಗೆ ಚೀಸಿಗಿಂತ ಹೆಚ್ಚು ಹಿಡಿಸಿದ್ದು ಅಲ್ಲಿನ ರೈತರ ಇನ್ನೊಂದು ಏರ್ಪಾಡು. ಅವರು ತಮ್ಮದೇ ಸಂಘಗಳ ಮೂಲಕ ಬದಲಿ ಆಳನ್ನು ಕಳಿಸುತ್ತಾರೆ. ಬಾಣಂತನವಾಗಲಿ, ಜಡ್ಡಾಗಲಿ, ರಜೆಯಾಗಲಿ, ಪಳಗಿದ ಒಬ್ಬರು ಬಂದು ಆಕಳು ಹಿಂಡಿಕೊಡುತ್ತಾರೆ. ನಮ್ಮ ಮಹಿಳಾ ಸಂಘಗಳಲ್ಲಿ ಇದು ಏಕೆ ಆಗಬಾರದು? ಬೋನಸ್ಸಿನ ಮಾತು ಮುಗಿದ ಮೇಲೆ ಮುಂದಿನ ಸಭೆಯಲ್ಲಿ ಇದನ್ನೂ ಒಮ್ಮೆ ಎತ್ತಿ ನೋಡಿ.

ಈ ವಯಸ್ಸಿಗೆ ಸೈಕಲ್ಲೇ ಎಂದು ನಗುವವರು ಇದ್ದೇ ಇರುತ್ತಾರೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಒಂದು ಲಕ್ಷಕ್ಕೂ ಹೆಚ್ಚು ಹಳ್ಳಿಯ ಹೆಣ್ಣುಮಕ್ಕಳು ಕಲಿತರು ಎನ್ನುತ್ತಾರೆ. ಅವರಲ್ಲಿ ಕೂಲಿಯವರು, ಕಲ್ಲು ಒಡೆಯುವವರು ಎಲ್ಲ ಇದ್ದರು. ಇನ್ನು ನಮ್ಮ ಸೀಮೆಯ ಮಾತು. ಚೆನ್ನಮ್ಮ ಕುದುರೆ ಹತ್ತಿದ್ದನ್ನು ಎದೆಯುಬ್ಬಿಸಿ ಹೇಳುವ ಊರಿನವರು ಸೊಸೆ ಸೈಕಲ್ ಹತ್ತಿದರೆ ಬಾಯಿಮೇಲೆ ಕೈ ಇಟ್ಟುಕೊಳ್ಳುವುದು ನನಗಂತೂ ಅರ್ಥವಾಗಿಲ್ಲ. ನಿಧಾನದ ಪ್ರಯಾಣವೂ ನಿಮಗೆ ಹೊಸದಲ್ಲ. ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರು ನೀವೇ ತಾನೇ?

ಮೊದಲ ಸಲ ದೂರ ಹೋಗಬೇಡಿ. ಅವಸರವಿಲ್ಲದೆ ತುಳಿದರೆ ತಾಸಿಗೆ ಹತ್ತು ಕಿಲೋಮೀಟರ್ ಸಾಗುತ್ತೀರಿ. ಹೋಗಲು ಹತ್ತು-ಹದಿನೈದು ಕಿಲೋಮೀಟರ್ ಸಾಕು. ಬೈಲಹೊಂಗಲ ಕಡೆಯವರಿಗೆ ರಾಯಣ್ಣನ ಸಂಗೊಳ್ಳಿ ಇದೆ, 17ನೇ ಶತಮಾನದಲ್ಲಿ ಶಿವಾಜಿಯ ಸೈನ್ಯವನ್ನು ಎದುರಿಸಿದ ಮಲ್ಲಮ್ಮನ ಬೆಳವಡಿ ಇದೆ, ಸೊಗಲದ ಜಲಪಾತ ಮತ್ತು ಸೋಮೇಶ್ವರ ಗುಡಿ ಇವೆ. 1829ರ ಫೆಬ್ರುವರಿಯಲ್ಲಿ ಸೆರೆಯಲ್ಲೇ ತೀರಿಕೊಂಡ ಚೆನ್ನಮ್ಮನ ಸಮಾಧಿ ಬೈಲಹೊಂಗಲ ಪಟ್ಟಣದಲ್ಲೇ ಇದೆ. ಸಂತೆಗೆ ಹೋದಾಗಲೆಲ್ಲ ಅದರ ಹತ್ತಿರವೇ ಹಾದುಹೋಗಿ, ಒಮ್ಮೆಯೂ ಒಳಗೆ ಹೋಗಿ ಕೂತಿರಲಿಕ್ಕಿಲ್ಲ. ಕಿತ್ತೂರಿನ ಕೋಟೆಯನ್ನು ಅಕ್ಟೋಬರ್ 23ರ ಉತ್ಸವದ ಗದ್ದಲದಲ್ಲಲ್ಲ, ಒಂದು ಸುಮ್ಮನಿರುವ ದಿನ ನೋಡಿ. ಸವದತ್ತಿಯವರಿಗೆ ಗುಡ್ಡದ ಬುಡದ ಹೂಲಿಯಲ್ಲಿ ಪಂಚಲಿಂಗೇಶ್ವರನ ಹಳೆಯ ಕಲ್ಲಿನ ಗುಡಿ, ನವಿಲುತೀರ್ಥದಲ್ಲಿ ಮಲಪ್ರಭೆಯ ಅಣೆಕಟ್ಟು. ರಾಮದುರ್ಗದವರಿಗೆ ಸುರೇಬಾನ ಹತ್ತಿರದ ಶಬರಿಕೊಳ್ಳ. ಏರು ಬಂದಲ್ಲಿ ಇಳಿದು ತಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಕಾಲ ಯಾವುದೆಂದರೆ ದೀಪಾವಳಿ ಮುಗಿದ ಮೇಲೆ ಶಿವರಾತ್ರಿಯೊಳಗೆ. ಎರೆಹೊಲದಲ್ಲಿ ಜೋಳ, ಕಡಲೆ, ಕುಸುಬೆ ನಿಂತಿರುತ್ತವೆ. ಪರಿಚಯದ ಹೊಲದಲ್ಲಿ ಸೀತನಿ ಸಿಕ್ಕರೂ ಸಿಕ್ಕೀತು. ಆದರೆ ಕಬ್ಬಿನ ಹಂಗಾಮೂ ಅದೇ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಬಂದರೆ ಇಳಿದು ರಸ್ತೆ ಬಿಟ್ಟು ನಿಂತುಬಿಡಿ, ಹಿಂದಿನ ಟ್ರೇಲರ್ ಯಾವ ಕಡೆ ವಾಲುತ್ತದೆಂದು ಚಾಲಕನಿಗೂ ಗೊತ್ತಿರುವುದಿಲ್ಲ. ಹೆದ್ದಾರಿಯ ಕಡೆ ಹೋಗಲೇಬೇಡಿ. ನಾಲ್ಕೈದು ಜನ ಕೂಡಿಯೇ ಹೊರಡಿ. ಸೆರಗು ಬಿಗಿದು ಸಿಕ್ಕಿಸಿ, ಚೈನಿಗೆ ಕವರ್ ಇರಲಿ.

ಇನ್ನು ದನದ ವಿಚಾರ, ಅದನ್ನು ಹೇಳದೆ ನೀವು ಹೊರಡುವುದಿಲ್ಲ ಎಂದು ಗೊತ್ತು. ಗೋದಲಿಯಲ್ಲಿ ಮಧ್ಯಾಹ್ನದ ಮೇವು ಹಾಕಿಡಿ, ನೆರಳಲ್ಲಿ ನೀರು ತುಂಬಿಡಿ. ಹತ್ತು ಲೀಟರ್ ಹಾಲು ಕೊಡುವ ಆಕಳು ದಿನಕ್ಕೆ 50-60 ಲೀಟರ್ ನೀರು ಕುಡಿಯುತ್ತದೆ, ಒಂದು ಬಕೆಟ್ ಇಟ್ಟು ಹೋದರೆ ಸಾಲದು. ಈಯುವ ದಿನ ಹತ್ತಿರವಿದ್ದರೆ, ಅಥವಾ ಈದು ಮೂರು ದಿನ ಆಗಿಲ್ಲದಿದ್ದರೆ ಹೋಗಬೇಡಿ. ಹಾಲು ಜ್ವರ ಹೆಚ್ಚಾಗಿ ಆಗಲೇ ಬರುವುದು. ಬೆಳಿಗ್ಗೆ ಬೆದೆ ಕಂಡರೆ ಮಾತ್ರ ಚಿಂತೆ ಬೇಡ, ಗರ್ಭಧಾರಣೆ ಮಾಡಿಸುವುದು ಸಂಜೆಗೇ. ಹೋಗುವ ಮೊದಲು ಫೋನ್ ಮಾಡಿ ತಿಳಿಸಿ.

ರಾತ್ರಿ ಉಳಿಯುವ ಆಸೆಯಿದ್ದರೆ ತಯಾರಿ ಹೆಚ್ಚು ಬೇಕು. ಹೊಸ ಕೈ ಮುಟ್ಟಿದರೆ ಎಮ್ಮೆ ಬೆದರುತ್ತದೆ, ಬೆದರಿದರೆ ಹಾಲು ಇಳಿಸುವುದಿಲ್ಲ. ಮೊದಲೇ ಒಂದು ವಾರ ಯಜಮಾನರನ್ನೋ, ಅತ್ತೆಯವರನ್ನೋ ನಿಮ್ಮ ಪಕ್ಕ ಕೂಡಿಸಿಕೊಳ್ಳಿ. ಮೊದಲೆರಡು ದಿನ ಕೆಚ್ಚಲು ತೊಳೆಯಲಿ, ಆಮೇಲೆ ಎರಡು ಮೊಲೆ ಅವರು, ಎರಡು ನೀವು ಹಿಂಡಿ. ಕೊನೆಯ ದಿನ ಪೂರ್ತಿ ಅವರೇ ಹಿಂಡಲಿ. ಕೆಚ್ಚಲು ತೊಳೆದ ಮೇಲೆ ಆರೇಳು ನಿಮಿಷದೊಳಗೆ ಮುಗಿಸುವುದನ್ನು ಕಲಿಸಿ, ತಡವಾದರೆ ಹಾಲು ಕೆಚ್ಚಲಲ್ಲೇ ಉಳಿದುಬಿಡುತ್ತದೆ. ಬಾಣಂತನಕ್ಕೆ, ಆಸ್ಪತ್ರೆಗೆ ಹೋಗಬೇಕಾದಾಗಲೂ ಇದೇ ಕಲಿಕೆ ನಿಮ್ಮ ಕೈ ಹಿಡಿಯುತ್ತದೆ.

ಸಂಜೆ ಮರಳಿ ಬಂದವರು ನೇರವಾಗಿ ಚರಿಗೆ ಹಿಡಿದು ಕೂಡಬೇಡಿ. ಕೈಕಾಲು ತೊಳೆದು, ಒಂದು ಕಪ್ ಚಹಾ ಕುಡಿದು ಏಳಿ. ಅರ್ಧ ತಾಸು ತಡವಾದರೆ ಆಕಳಿಗೆ ಏನೂ ಆಗುವುದಿಲ್ಲ. ಸಂಘದ ಕಾರ್ಯದರ್ಶಿಗೆ ಮಾತ್ರ ಬೆಳಿಗ್ಗೆ ಹಾಲು ಹಾಕುವಾಗಲೇ ಹೇಳಿ ಹೋಗಿ.